ಒಂದನೆಯ ಇಯತ್ತೆಯ ಚಳಿಗಾಲ

ಕಾರ್ತಿಕ ಮಾಸವು ಮುಗಿದು ನಾಲ್ಕಾರು ದಿನಗಳಾಗಿದ್ದವು. ನೆರೆಮನೆಯ ಗೃಹಸ್ಥರು ತಮ್ಮ ಮೊಮ್ಮಗನ ಕೈ ಹಿಡಿದುಕೊಂಡು ನಮ್ಮ ಕಟ್ಟೆಗೆ ಬಂದರು. ನಿವೃತ್ತನಾದ ಮಾಸ್ತರನ ಕಟ್ಟೆಗೆ ಬರುವವರು ಬಹುಧಾ ಎರಡೇ ಕೆಲಸಕ್ಕಾಗಿ ಬರುವರು: ಒಂದು, ಪಂಚಾಂಗ ಕೇಳಲಿಕ್ಕೆ, ಇನ್ನೊಂದು, ಈಗಿನ ಶಾಲೆಗಳನ್ನು ಬಯ್ಯಲಿಕ್ಕೆ. ಇವರು ಎರಡನೆಯದಕ್ಕೆ ಬಂದಿದ್ದರು. “ಮಾಸ್ತರರ, ಹುಡುಗ ಒಂದನೇ ಇಯತ್ತೆಗೆ ಹೋಗಲಿಕ್ಕೆ ಹತ್ತಿ ಆರು ತಿಂಗಳಾತು. ಇನ್ನೂ ಒಂದು ಸಾಲು ನೆಟ್ಟಗ ಓದಂಗಿಲ್ಲ. ಹೊಳ್ಯಾಗ ಹುಣಸಿಹಣ್ಣು ತೊಳೆಧಂಗ ಆತು” ಎಂದರು. ಹುಡುಗನು ಕಂಬದ ಹಿಂದೆ ನಿಂತು ಕಾಲಿನ ಹೆಬ್ಬೆರಳಿನಿಂದ ಮಣ್ಣಿನಲ್ಲಿ ಏನನ್ನೋ ಗೀರುತ್ತಿದ್ದನು.

ಶಾಲೆ ಸುರುವಾಗಿ ಆರು ತಿಂಗಳಾಗಿರಬಹುದು, ಆದರೆ ಒಂದನೆಯ ಇಯತ್ತೆ ಸುರುವಾಗುವದು ಈಗ ಎಂದು ನಾನು ಹೇಳಿದೆನು. ನಾನು ವಿನೋದ ಮಾಡುತ್ತಿರುವೆನೆಂದು ಅವರು ಬಗೆದರು. ವಿನೋದವಲ್ಲ. ಮೂವತ್ತೈದು ವರುಷ ಈ ಸೀಮೆಯ ಕನ್ನಡ ಶಾಲೆಗಳಲ್ಲಿ ಚಿಕ್ಕ ಮಕ್ಕಳ ನಡುವೆ ಕಳೆದು ಕಂಡುಕೊಂಡ ಸಂಗತಿಯದು. ಆ ದಿವಸ ಕಟ್ಟೆಯ ಮೇಲೆ ಅರ್ಧಮರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಹೇಳುವೆನು. ಮನೆಯಲ್ಲಿ ಆರು ವರುಷದ ಕೂಸು ಇರುವ ವಾಚಕರು ತಾಳ್ಮೆಯಿಂದ ಓದಬೇಕು.

ನಮ್ಮ ಭೋಜವು ದೂಧಗಂಗಾ ವೇದಗಂಗೆಗಳ ಸಂಗಮದ ಊರು. ಮೊದಲು ಚಿಕ್ಕೋಡಿ ತಾಲೂಕಿನಲ್ಲಿದ್ದು ಈಗ ನಿಪ್ಪಾಣಿ ತಾಲೂಕಿಗೆ ಸೇರಿರುವದು. ಎರಡೂ ಹೊಳೆಗಳು ಸಹ್ಯಾದ್ರಿಯಲ್ಲಿ ಹುಟ್ಟಿ, ಇಲ್ಲಿ ಕೂಡಿ, ಮುಂದೆ ಕೃಷ್ಣೆಯನ್ನು ಸೇರುವವು. ಶಾಲೆಗಳು ಜೂನದಲ್ಲಿ ತೆರೆಯುವವಷ್ಟೆ. ಮೊದಲ ತಿಂಗಳು ತಾಯಿಯ ಸೆರಗು ಬಿಡಿಸುವದರಲ್ಲಿಯೇ ಹೋಗುವದು. ಆಷಾಢ ಶ್ರಾವಣಗಳಲ್ಲಿ ಘಟ್ಟದ ಮಳೆಯ ನೀರು ಬಂದು ಹೊಳೆಗಳು ದಂಡೆ ಮೀರುವವು. 2005ರಲ್ಲಿ, 2019ರಲ್ಲಿ, 2021ರಲ್ಲಿ ಬಂದ ಮಹಾಪೂರಗಳನ್ನು ಈ ಭಾಗದವರು ಮರೆಯಲಾರರು. ಪೂರ ಬರದ ವರುಷದಲ್ಲಿಯೂ ಕೆಸರು, ನೆಗಡಿ, ಜ್ವರ ಇದ್ದೇ ಇರುವವು. ಆ ಬಳಿಕ ಗಣಪತಿ, ದಸರೆಯ ಸೂಟಿ, ದೀಪಾವಳಿ. ಇಷ್ಟೆಲ್ಲ ಮುಗಿದು ಹೊಳೆಯ ನೀರು ತಿಳಿಯಾದಾಗ ಮಗುವಿನ ಮನಸ್ಸೂ ತಿಳಿಯಾಗುವದು. ಮಾರ್ಗಶಿರದಿಂದ ಮಾಘದವರೆಗಿನ ಮೂರು ತಿಂಗಳಲ್ಲಿ ಅದು ಕಲಿಯುವಷ್ಟನ್ನು ಉಳಿದ ತಿಂಗಳುಗಳೆಲ್ಲ ಕೂಡಿಯೂ ಕಲಿಯಲಾರದು.

ಆದರೆ ಚಳಿಗಾಲಕ್ಕೆ ಅದರದೇ ಆದ ತೊಡಕುಗಳಿರುವವು. ನಾನು ಅವುಗಳನ್ನು ಬಹಳ ತಡವಾಗಿ ತಿಳಿದುಕೊಂಡೆನು. ಏಕೆಂದರೆ ನಾನು ಕಲಿತದ್ದು ಸಂಸ್ಕೃತ ಪಾಠಶಾಲೆಯಲ್ಲಿ. ಹೇಮಂತದಲ್ಲಿಯೂ ಬ್ರಾಹ್ಮೀ ಮುಹೂರ್ತಕ್ಕೆ ಎದ್ದು, ತಣ್ಣೀರು ಮಿಂದು, ಕತ್ತಲೆಯಲ್ಲಿ ಕುಳಿತು ಅಮರಕೋಶವನ್ನು ಒಪ್ಪಿಸಬೇಕಾಗಿತ್ತು. ಕಾಲವರ್ಗದಲ್ಲಿ ಬರುವ ಋತುಮಾಸಗಳ ಹೆಸರುಗಳನ್ನು ಹಲ್ಲು ಕಟಕಟಿಸುತ್ತ ಬಾಯಿಪಾಠ ಮಾಡಿದೆನು; ಆ ಋತುವೇ ಬೆನ್ನ ಮೇಲೆ ಕುಳಿತಿದೆಯೆಂಬದು ಹೊಳೆದಿರಲಿಲ್ಲ. ಆ ವಿದ್ಯೆಗೆ ನಾನು ಋಣಿ. ಆದರೆ ನನಗೆ ಆಗ ಹತ್ತು ವರುಷ. ಊಟಕ್ಕೂ ಹೊದಿಕೆಗೂ ಚಿಂತೆಯಿರಲಿಲ್ಲ. ಮುಂದೆ ಶಿಕ್ಷಕರ ತರಬೇತಿ ಮುಗಿಸಿ ಸರಕಾರಿ ಶಾಲೆಗೆ ಸೇರಿದಾಗ, ಚಳಿಯೆಂದರೆ ಸೋಮಾರಿಗಳ ನೆವ ಎಂಬ ನಂಬಿಕೆಯನ್ನು ಗಂಟುಕಟ್ಟಿಕೊಂಡು ಹೋಗಿದ್ದೆನು.

ಅದರ ಫಲವನ್ನು ಮುಚ್ಚಿಡದೆ ಹೇಳುವೆನು. ಸೇವೆಯ ಮೊದಲ ವರುಷಗಳ ಮಾತು. ಊರಿನ ಹೆಸರು ಬೇಡ. ಪ್ರಾರ್ಥನೆಯ ಘಂಟೆಯ ಅನಂತರ ಬಂದ ಮಕ್ಕಳನ್ನು ಮೊದಲ ಪಾಠ ಮುಗಿಯುವವರೆಗೆ ಹೊರಗೆ ನಿಲ್ಲಿಸುವದು ನಾನೇ ಮಾಡಿದ ಕಟ್ಟಳೆ. ನಿಲ್ಲಬೇಕಾದ ಸ್ಥಳ ಕಟ್ಟಡದ ಉತ್ತರದ ಬದಿ. ಚಳಿಗಾಲದಲ್ಲಿ ಅಲ್ಲಿ ದಿನವಿಡೀ ನೆರಳು. ಒಂದನೆಯ ಇಯತ್ತೆಯ ಹುಡುಗಿಯೊಬ್ಬಳು ಪುಷ್ಯದಲ್ಲಿ ದಿನಾಲು ತಡವಾಗಿ ಬರುತ್ತಿದ್ದಳು. ಏಕೆ ತಡ ಎಂದು ಕೇಳಿದರೆ ಉತ್ತರವಿಲ್ಲ. ಎಂಟು ದಿನ ನಿಂತಳು. ಒಂಬತ್ತನೆಯ ದಿನ ಬರಲಿಲ್ಲ. ತಿಂಗಳು ಕಳೆದ ಮೇಲೆ ಅವಳ ಓಣಿಗೆ ಹೋದಾಗ ಸಂಗತಿ ತಿಳಿಯಿತು. ತಾಯಿ ನಸುಕಿನಲ್ಲಿಯೇ ತಂಬಾಕಿನ ಹೊಲಕ್ಕೆ ಹೋಗುವಳು. ತೊಟ್ಟಿಲ ಕೂಸನ್ನು ಕಾಯುವದು ಈ ಮಗುವಿನ ಪಾಲಿಗೆ ಬಂದಿತ್ತು. ಅಜ್ಜಿ ಹಾಲು ಹಾಕಿ ಮರಳಿದ ಮೇಲೆಯೇ ಬಿಡುಗಡೆ. ನಾನು ಹೋಗುವಷ್ಟರಲ್ಲಿ ಅವರು ಊರು ಬಿಟ್ಟು ಕೂಲಿಗೆ ಬೇರೆಡೆ ಹೋಗಿದ್ದರು. ವರುಷದ ಕೊನೆಗೆ ಅವಳ ಹೆಸರನ್ನು ದಾಖಲೆಯಿಂದ ತೆಗೆಯುವಾಗ ಕಾರಣದ ಕಲಮಿನಲ್ಲಿ “ಸತತ ಗೈರುಹಾಜರಿ” ಎಂದು ನನ್ನ ಕೈಯಿಂದಲೇ ಬರೆದೆನು. ಅದು ಸುಳ್ಳಲ್ಲ. ಆದರೆ ಆ ಅಕ್ಷರಗಳು ಇಂದಿಗೂ ಕಣ್ಣ ಮುಂದೆ ಇರುವವು.

ಆ ಮೇಲಿನ ನನ್ನ ಚಳಿಗಾಲದ ದಿನಚರಿಯೆಲ್ಲವೂ ಆ ಉತ್ತರದ ಗೋಡೆಯಿಂದ ಹುಟ್ಟಿದ್ದು. ಮೊದಲನೆಯ ಮಾರ್ಪಾಡು, ಮೊದಲ ತಾಸಿನ ಪಾಠವನ್ನು ಪೂರ್ವಕ್ಕೆ ಮುಖ ಮಾಡಿದ ಕಟ್ಟೆಗೆ ತಂದದ್ದು. ತಡವಾಗಿ ಬಂದ ಮಗು ಸದ್ದಿಲ್ಲದೆ ಬಂದು ಬಿಸಿಲಿನಲ್ಲಿ ಕೂಡುವದು, ಕೇಳುವವರಿಲ್ಲ. ಎರಡನೆಯದು, ಆ ತಾಸಿನಲ್ಲಿ ಬರಹವಿಲ್ಲ. ಮುಂಜಾನೆ ಆರು ವರುಷದ ಮಗುವಿನ ಬೆರಳುಗಳನ್ನು ಮುಟ್ಟಿ ನೋಡಿರಿ, ಸೆಟೆದು ಕಟ್ಟಿಗೆಯಂತಾಗಿರುವವು. ಆ ಕೈಯಲ್ಲಿ ಬಳಪ ಕೊಟ್ಟರೆ ಅಕ್ಷರ ಸೊಟ್ಟಾಗುವದು. ಸೊಟ್ಟಾದದ್ದಕ್ಕೆ ಬೈದರೆ ಮಗುವಿಗೆ ಅಕ್ಷರವೇ ಬೇಡವಾಗುವದು. ಆದುದರಿಂದ ಮೊದಲ ತಾಸು ಕೈಗೆ ವಿಶ್ರಾಂತಿ, ಬಾಯಿಗೆ ಕೆಲಸ. ದಾರಿಯಲ್ಲಿ ಏನು ಕಂಡಿ? ಇಬ್ಬನಿ ಎಲ್ಲಿ ಹೆಚ್ಚು ಬಿದ್ದಿತ್ತು, ಹುಲ್ಲಿನ ಮೇಲೋ ಕಲ್ಲಿನ ಮೇಲೋ? ಬಾಯಿಂದ ಹೊಗೆ ಏಕೆ ಬರುವದು? ಮಕ್ಕಳು ಹೇಳುವರು, ಜಗಳಾಡುವರು, ಕಥೆ ಕಟ್ಟುವರು. 2013ರ ಆಗಸ್ಟ 1ರಂದು ಕ್ಷೀರಭಾಗ್ಯ ಯೋಜನೆ ಬಂದ ಮೇಲೆ ಬಿಸಿ ಹಾಲು ಕೂಡಿಕೊಂಡಿತು. ಲೋಟವನ್ನು ಎರಡೂ ಕೈಗಳಿಂದ ಹಿಡಿದು ಕುಡಿದ ಮಗುವಿನ ಬೆರಳು ಸಡಿಲಾಗುವವು. ಬರಹವು ಅಲ್ಲಿಂದ ಮುಂದೆ. ಹಾಲಿನ ಪುಷ್ಟಿಯ ಮಾತನ್ನು ಎಲ್ಲರೂ ಆಡುವರು. ಲೋಟದ ಬಿಸಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವದಿಲ್ಲ.

ಇನ್ನು ಅಕ್ಷರಗಳ ವಿಷಯ. ಇಲ್ಲಿ ನನಗೂ ಸರಕಾರಕ್ಕೂ ಕೆಲವು ಕಾಲ ವ್ಯಾಜ್ಯ ನಡೆಯಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ನಲಿ-ಕಲಿ ಎಂಬ ಕ್ರಮವು 2009-10ರಲ್ಲಿ ನಾಡಿನ ಎಲ್ಲ ಸರಕಾರಿ ಕನ್ನಡ ಶಾಲೆಗಳಿಗೂ ಬಂದಿತು. ಸಾಲಾಗಿ ಕೂಡುವದು ಹೋಯಿತು. ಮಕ್ಕಳು ಗುಂಪು ಗುಂಪಾಗಿ ಕುಳಿತು, ಚಿತ್ರದ ಕಾರ್ಡುಗಳನ್ನು ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ತಮ್ಮ ತಮ್ಮ ವೇಗದಲ್ಲಿ ಏರುವದು ಬಂದಿತು. ಅದೆಲ್ಲ ಸರಿ. ಆದರೆ ಅಕ್ಷರಗಳು ಅ ಆ ಇ ಈ ಎಂದಲ್ಲ. ರ ಗ ಸ ದ ಅ ಎಂದು ಆರಂಭ! ಆ ಮೇಲೆ ಜ ವ ಮ ಬ ನ. ಕಂಠದಿಂದ ಹೊರಟು ತಾಲು, ಮೂರ್ಧ, ದಂತಗಳನ್ನು ದಾಟಿ ತುಟಿಗೆ ಬರುವ ನಮ್ಮ ವರ್ಣಮಾಲೆಯಷ್ಟು ಸುಂದರವಾದ ಏರ್ಪಾಡು ಜಗತ್ತಿನಲ್ಲಿ ಅಪರೂಪ. ಅದನ್ನು ಹರಿದು ಚೆಲ್ಲಿದರಲ್ಲ ಎಂದು ತರಬೇತಿಯಲ್ಲಿಯೇ ಎದ್ದು ನಿಂತು ಮಾತಾಡಿದೆನು.

ನನ್ನನ್ನು ಸೋಲಿಸಿದವರು ಅಧಿಕಾರಿಗಳಲ್ಲ. ಹದಿನೈದು ದಿವಸದೊಳಗಾಗಿ ಮಕ್ಕಳು ಗೋಡೆಯ ಮೇಲೆ ಅರಸ, ಅಗಸ, ಸರ, ಗರಗಸ ಎಂದು ಓದಹತ್ತಿದರು. ಐದೇ ಅಕ್ಷರ, ಇಷ್ಟು ಮಾತು! ಹಳೆಯ ಕ್ರಮದಲ್ಲಿ ಸ್ವರಗಳೆಲ್ಲ ಮುಗಿದರೂ ಮಗುವಿಗೆ ಓದಲು ಒಂದು ಮಾತು ದೊರೆಯುವದು ಕಷ್ಟ. ಆ ರಾತ್ರಿ ಮಲಗಿದಾಗ ನೆನಪಾಯಿತು: ಪಾಣಿನಿಯೇ ತನ್ನ ಶಾಸ್ತ್ರದ ಸೌಕರ್ಯಕ್ಕಾಗಿ ವರ್ಣಮಾಲೆಯನ್ನು ಬಿಡಿಸಿ ಬೇರೆ ಕ್ರಮದಲ್ಲಿ ಹದಿನಾಲ್ಕು ಸೂತ್ರಗಳನ್ನಾಗಿ ಜೋಡಿಸಿಕೊಂಡಿಲ್ಲವೇ? ಆತನಿಗೆ ಒಪ್ಪುವದು ಆರು ವರುಷದ ಮಗುವಿಗೆ ಏಕೆ ಒಪ್ಪಬಾರದು? ಅಂದಿನಿಂದ ರಾಜಿಯಾಯಿತು. ಕಣ್ಣಿಗೆ ಮತ್ತು ಕೈಗೆ ಸರಕಾರದ ಕ್ರಮ. ಬಿಸಿಲ ಕಟ್ಟೆಯ ಮೇಲೆ ಬಾಯಿಗೆ ನನ್ನ ವರ್ಣಮಾಲೆ. ಎರಡೂ ಒಂದೇ ಮಗುವಿನಲ್ಲಿ ಜಗಳವಿಲ್ಲದೆ ಬಾಳಿದವು. ಚಳಿಗಾಲ ಬರುವ ಹೊತ್ತಿಗೆ ತಲಕಟ್ಟು, ದೀರ್ಘ, ಗುಡಿಸು, ಕೊಂಬುಗಳು ಒಂದೊಂದಾಗಿ ಸೇರಿಕೊಳ್ಳುವವು. ಮಗು ತಡವರಿಸುವದು ಇಲ್ಲಿಯೇ, ಓದಿನ ಬಾಗಿಲು ತೆರೆಯುವದೂ ಇಲ್ಲಿಯೇ. ನೆರೆಮನೆಯ ಹಿರಿಯರು ಗಾಬರಿಗೊಂಡದ್ದೂ ಸರಿಯಾಗಿ ಇದೇ ಮೆಟ್ಟಿಲಿನಲ್ಲಿ.

ಮಧ್ಯಾಹ್ನದ ಊಟಕ್ಕೆ ಮೊದಲು ಒಂದು ಆಟವಿರುತ್ತಿತ್ತು. ಹನ್ನೆರಡು ಅಂಗುಲದ ನೆಟ್ಟನೆಯ ಕೋಲೊಂದನ್ನು ಅಂಗಳದಲ್ಲಿ ಊರಿ, ಹನ್ನೆರಡೂವರೆಯ ಸುಮಾರಿಗೆ ಅದರ ನೆರಳಿನ ತುದಿಗೆ ಸುಣ್ಣದ ಗುರುತು ಹಾಕುವದು. ಜ್ಯೋತಿಷ ಗ್ರಂಥಗಳ ಶಂಕು ಇದೇ. ದೀಪಾವಳಿಯಿಂದ ನೆರಳು ದಿನದಿನಕ್ಕೆ ಉದ್ದವಾಗುತ್ತ ಹೋಗಿ, ಡಿಸೆಂಬರ ನಡುವಿನಲ್ಲಿ ಸುಮಾರು ಹತ್ತಂಗುಲಕ್ಕೆ ಮುಟ್ಟುವದು. ಅಲ್ಲಿ ಎಂಟು ಹತ್ತು ದಿನ ಗುರುತುಗಳೆಲ್ಲ ಒಂದರ ಮೇಲೊಂದು ಬೀಳುವವು. ಆ ಬಳಿಕ ನೆರಳು ಹಿಂದೆ ಸರಿಯುವದು. ಒಂದು ವರುಷ ಹುಡುಗನೊಬ್ಬನು ಮನೆಗೆ ಹೋಗಿ “ಸೂರ್ಯ ಆಗಲೇ ಹೊಳ್ಳ್ಯಾನ” ಎಂದನಂತೆ. ಸಂಕ್ರಾಂತಿಗೆ ಇನ್ನೂ ಎರಡು ವಾರಗಳಿದ್ದವು. ಅವನ ಅಜ್ಜನು ಪಂಚಾಂಗವನ್ನೇ ಹಿಡಿದುಕೊಂಡು ಶಾಲೆಗೆ ಬಂದನು: ಉತ್ತರಾಯಣದ ಮೊದಲೇ ಸೂರ್ಯನನ್ನು ಹೊಳ್ಳಿಸುವ ಮಾಸ್ತರನು ಯಾರು? ಆತನನ್ನು ಕೋಲಿನ ಹತ್ತಿರ ಕರೆದುಕೊಂಡು ಹೋಗಿ ಗುರುತುಗಳನ್ನು ತೋರಿಸಿದೆನು. ಅಯನವು ತಿರುಗುವದು ಡಿಸೆಂಬರ 21 ಅಥವಾ 22ಕ್ಕೆ. ಮಕರ ಸಂಕ್ರಮಣವು ಅಯನಾಂಶದ ಕಾರಣದಿಂದ ಮುಂದಕ್ಕೆ ಹೋಗಿ ಜನೆವರಿ 14 ಅಥವಾ 15ಕ್ಕೆ ಬೀಳುವದು. ಆರನೆಯ ಶತಮಾನದ ವರಾಹಮಿಹಿರನೇ ಬೃಹತ್ಸಂಹಿತೆಯಲ್ಲಿ, ಪೂರ್ವಶಾಸ್ತ್ರಗಳು ಹೇಳಿದ ಅಯನಸ್ಥಾನವು ತನ್ನ ಕಾಲಕ್ಕೆ ಸರಿದಿದೆಯೆಂದೂ, ಅದನ್ನು ನೆರಳಿನ ಗುರುತಿನಿಂದ ಪ್ರತ್ಯಕ್ಷವಾಗಿ ಪರೀಕ್ಷಿಸಬಹುದೆಂದೂ ಹೇಳಿರುವನು. ಅಜ್ಜನು ಬಹಳ ಹೊತ್ತು ಕೋಲನ್ನು ನೋಡಿ, “ಹಂಗಾದರ ಎಳ್ಳು ಬೆಲ್ಲ ಯಾವಾಗ ಹಂಚೂದು?” ಎಂದು ಕೇಳಿದನು. ಅದು ಸಂಕ್ರಾಂತಿಗೇ ಎಂದೆನು. ಸಮಾಧಾನದಿಂದ ಹೋದನು.

ಈ ಅಜ್ಜನಿಂದ ನನಗೊಂದು ದಾರಿ ಸಿಕ್ಕಿತು. ಅದುವರೆಗೆ ಪಾಲಕರ ಸಭೆಯೆಂದರೆ ನಾನು ಭಾಷಣ ಮಾಡುವದು, ಅವರು ತೂಕಡಿಸುವದು. ದಿನವೆಲ್ಲ ಕಬ್ಬು ಕಡಿದು, ತಂಬಾಕು ಸವರಿ, ಬೀಡಿ ಕಟ್ಟಿ ಬಂದವರಿಗೆ ವಿದ್ಯೆಯ ಮಹಿಮೆಯನ್ನು ಹೇಳಿದರೆ ಅವರು ಇನ್ನೇನು ಮಾಡಬೇಕು? ಅಂದಿನಿಂದ ಮಾತು ಬಿಟ್ಟೆನು. ಚಳಿಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ದೀಪ ಹಚ್ಚುವ ಹೊತ್ತಿಗೆ ಸಭೆ. ನಾನು ಮೂಲೆಯಲ್ಲಿ ಕೂಡುವದು. ಪ್ರತಿಯೊಂದು ಮಗು ತನ್ನ ತಾಯಿತಂದೆಗಳನ್ನು ನೆಲದ ಮೇಲೆ ಕೂಡಿಸಿಕೊಂಡು ಆ ಹದಿನೈದು ದಿನ ತಾನು ಕಲಿತದ್ದನ್ನು ಅವರಿಗೆ ಕಲಿಸುವದು. ಕಲಿಸುವಾಗ ಮಗು ಎಲ್ಲಿ ತಡೆಯುವದೋ ಅಲ್ಲಿ ಅದಕ್ಕೆ ತಿಳಿದಿಲ್ಲವೆಂದು ಅಕ್ಷರ ಬಾರದ ತಾಯಿಗೂ ಗೊತ್ತಾಗುವದು. ಬೇರೆ ವರದಿ ಬೇಕಾಗಲಿಲ್ಲ.

ಇಂಥದೊಂದು ರಾತ್ರಿ ಬೀಡಿ ಕಟ್ಟುವ ತಾಯಿಯೊಬ್ಬಳು ನನಗೆ ಪಾಠ ಹೇಳಿದಳು. ಅವಳ ಮಗಳು ಹತ್ತೊಂಬತ್ತರ ಮುಂದೆ ಏನೆಂದರೆ ಬಾಯಿ ಬಿಡುತ್ತಿರಲಿಲ್ಲ. ಲೆಕ್ಕದಲ್ಲಿ ಮಂದ ಎಂದು ನಾನು ಬರೆದಿಟ್ಟಿದ್ದೆನು. ತಾಯಿ ನಕ್ಕು, “ಕಟ್ಟು ಎಣಿಸವ್ವಾ” ಎಂದಳು. ಮಗು ಇಪ್ಪತ್ತೈದು, ಐವತ್ತು, ಎಪ್ಪತ್ತೈದು, ನೂರು ಎಂದು ಒಂದೇ ಉಸಿರಿಗೆ ಸಾವಿರದವರೆಗೆ ಹೋಯಿತು! ಬೀಡಿಯ ಕಟ್ಟಿಗೆ ಇಪ್ಪತ್ತೈದು, ನಾಲ್ವತ್ತು ಕಟ್ಟಿಗೆ ಸಾವಿರ, ಸಾವಿರಕ್ಕೆ ಕೂಲಿ. ಚಳಿಗಾಲದ ರಾತ್ರಿ ದೀಪದ ಮುಂದೆ ಕುಳಿತು ಕಲಿತ ಗಣಿತವದು. ನಾನು ಹತ್ತು ಹತ್ತು ಜೋಳದ ದಂಟುಗಳ ಕಟ್ಟು ಮಾಡಿ ಅವಳ ಕೈಗೆ ಕೊಟ್ಟೆನು. ಎರಡು ದಿನದಲ್ಲಿ ದಶಕ ತಿಳಿಯಿತು. ಕಟ್ಟೆಂಬ ಭಾವನೆ ಮೊದಲೇ ಇತ್ತು, ನಾನು ಕೇಳಿರಲಿಲ್ಲ. ಮಗುವನ್ನು ತಂಬಾಕಿನ ಮೊರದ ಹತ್ತಿರ ಕೂಡಿಸಿಕೊಳ್ಳಬೇಡವೆಂದು ತಾಯಿಗೆ ಹೇಳಿದೆನು. ಅವಳು ಒಪ್ಪಿದಳು. ಒಂದೇ ಕೋಣೆಯ ಮನೆಯಲ್ಲಿ ಬೇರೆಲ್ಲಿ ಕೂಡಿಸಿದಳೆಂಬದನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ಚಳಿಗಾಲದೊಡನೆಯೇ ಬಂದು ಅದರೊಡನೆಯೇ ಹೋಗುವ ಮಕ್ಕಳ ಮಾತನ್ನೂ ಹೇಳಬೇಕು. ಸಕ್ಕರೆ ಕಾರಖಾನೆಗಳು ಕಬ್ಬು ಅರೆಯಲಾರಂಭಿಸಿದೊಡನೆ ಮಹಾರಾಷ್ಟ್ರದ ಬೀಡ ಮೊದಲಾದ ಬರದ ಜಿಲ್ಲೆಗಳಿಂದ ಕಬ್ಬು ಕಡಿಯುವವರ ಟೋಳಿಗಳು ನಮ್ಮ ಕಡೆಗೆ ಬರುವವು. ಗಂಡಹೆಂಡಿರನ್ನು ಕೂಡಿಸಿ ಒಂದು ‘ಕೋಯ್ತಾ’ ಎಂದು ಎಣಿಸುವರು. ಮಕ್ಕಳು ಆ ಎಣಿಕೆಯಲ್ಲಿಯೇ ಇಲ್ಲ. ಒಂದು ವರುಷ ಅಂಥ ಟೋಳಿಯ ಹುಡುಗನೊಬ್ಬನು ನಮ್ಮ ಬಿಸಿಲ ಕಟ್ಟೆಯ ಅಂಚಿನಲ್ಲಿ ಬಂದು ಕೂಡಹತ್ತಿದನು. 2010ರ ಏಪ್ರಿಲ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ ವರುಷದ ನಡುವೆ ಬಂದ ಮಗುವಿಗೂ ಪ್ರವೇಶವನ್ನು ನಿರಾಕರಿಸಲಾಗದು. ಹೆಸರು ಬರೆದುಕೊಂಡೆನು. ಆದರೆ ಪ್ರಶ್ನೆ ಕಾಯಿದೆಯದಾಗಿರಲಿಲ್ಲ. ಅವನ ಮಾತು ಮರಾಠಿ. ನಮ್ಮ ಗೋಡೆ ಕನ್ನಡ. ಫಾಲ್ಗುನದಲ್ಲಿ ಮರಳಿ ಹೋಗುವವನಿಗೆ ಕನ್ನಡ ಅಕ್ಷರಗಳಿಂದ ಏನು ಪ್ರಯೋಜನ?

ಅವನು ಮೊದಲು ಓದಿದ ಮಾತು ‘ರಸ’. ಕಾರ್ಡಿನ ಮೇಲೆ ನಾನು ಬೆರಳಿಟ್ಟು ಹೇಳಿದೊಡನೆ ಅವನು ಹೊರಗಿನ ಕಬ್ಬಿನ ಗಾಡಿಯನ್ನು ತೋರಿಸಿದನು. ಕನ್ನಡಕ್ಕೂ ಮರಾಠಿಗೂ ಅದು ಒಂದೇ ಮಾತು. ನಾಟ್ಯಶಾಸ್ತ್ರದ ರಸವನ್ನು ಓದುವಾಗ ನನಗೆ ಅರ್ಥವಾಗಲು ಎರಡು ವರುಷ ಹಿಡಿದಿತ್ತು. ಅವನಿಗೆ ಕ್ಷಣ ಹಿಡಿಯಲಿಲ್ಲ. ಅಂದಿನಿಂದ ಅವನ ಪಾಟಿಯ ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ನಾಗರಿ. ಪಾಠಶಾಲೆಯಲ್ಲಿ ಕಲಿತ ನಾಗರಿ ಲಿಪಿಯು ಹೀಗೆ ಉಪಯೋಗಕ್ಕೆ ಬಂದೀತೆಂದು ನಾನೆಂದೂ ಎಣಿಸಿರಲಿಲ್ಲ. ಅದೇ ರ ಗ ಸ ದ ಅ ಕ್ರಮದಲ್ಲಿ ನಾಗರಿಯನ್ನು ಕಲಿಸಿದೆನು. ಮಹಾ ಶಿವರಾತ್ರಿಯ ಹೊತ್ತಿಗೆ ಎರಡೂ ಲಿಪಿಗಳಲ್ಲಿ ಇಪ್ಪತ್ತರಷ್ಟು ಅಕ್ಷರಗಳು ಬಂದಿದ್ದವು.

ಪಾಲಕರ ಸಭೆಗೆ ಅವನ ತಂದೆ ಒಂದೇ ಒಂದು ಸಲ ಬಂದನು. ಗೋಡೆಗೆ ಒರಗಿ ಕುಳಿತವನು ಹುಡುಗನು ಪಾಟಿ ಹಿಡಿದು ನಾಲ್ಕು ಮಾತು ಓದುವಷ್ಟರಲ್ಲಿ ನಿದ್ದೆ ಹೋದನು. ಹುಡುಗನು ಓದುವದನ್ನು ನಿಲ್ಲಿಸಲಿಲ್ಲ. ಧ್ವನಿಯನ್ನು ಮಾತ್ರ ತಗ್ಗಿಸಿದನು. ಮರುದಿನ ನಾನು ಒಂದು ಚೀಟಿಯನ್ನು ಮರಾಠಿಯಲ್ಲಿ ಬರೆದೆನು: ಈ ಹುಡುಗನಿಗೆ ಇಂತಿಂಥ ಅಕ್ಷರಗಳು ಬರುವವು, ಇಷ್ಟರವರೆಗೆ ಎಣಿಸಬಲ್ಲನು, ಇವನನ್ನು ಮೊದಲಿನಿಂದ ಆರಂಭಿಸಬೇಡಿರಿ. ಮೇಲೆ ಹೆಸರಿಲ್ಲ, “ಅಲ್ಲಿಯ ಗುರುಗಳಿಗೆ” ಎಂದಷ್ಟೇ. ತಾಯಿ ಅದನ್ನು ಮಡಿಸಿ ಕುಂಕುಮದ ಡಬ್ಬಿಯೊಳಗೆ ಇಟ್ಟುಕೊಂಡಳು. ಕಬ್ಬು ಮುಗಿದ ರಾತ್ರಿಯೇ ಟೋಳಿ ಹೊರಟುಹೋಯಿತು. ಚೀಟಿಗೆ ಉತ್ತರ ಬರುವ ಹಾಗಿರಲಿಲ್ಲ. ಅದರಲ್ಲಿ ನನ್ನ ವಿಳಾಸವನ್ನು ಬರೆಯಲಿಕ್ಕೆ ಮರೆತಿದ್ದೆನು.

ನೆರೆಮನೆಯ ಹಿರಿಯರಿಗೆ ಇದರಲ್ಲಿ ಅರ್ಧದಷ್ಟನ್ನೇ ಹೇಳಿದೆನು. ಅವರ ಸಂಶಯವು ಪೂರ್ತಿ ಹೋಗಲಿಲ್ಲ. ಆದರೆ ಮೊಮ್ಮಗನಿಗೆ ಮುಂಜಾನೆ ಬರೆಯಿಸುವದನ್ನು ಬಿಟ್ಟು, ಸಂಜೆ ಅಜ್ಜನೇ ಅವನ ಮುಂದೆ ವಿದ್ಯಾರ್ಥಿಯಾಗಿ ಕೂಡಬೇಕೆಂಬ ಕರಾರಿಗೆ ಒಪ್ಪಿಕೊಂಡಿರುವರು. ಅವರ ಅಂಗಳದಲ್ಲಿ ಹನ್ನೆರಡಂಗುಲದ ಕೋಲೊಂದನ್ನು ಊರಿ ಕೊಟ್ಟಿರುವೆನು. ಮೊನ್ನೆ ನೋಡಿದಾಗ ನೆರಳು ಹತ್ತಂಗುಲಕ್ಕೆ ಇನ್ನೂ ಕೊಂಚ ಕಡಿಮೆಯಿತ್ತು. ಹುಡುಗನು ಗುರುತು ಹಾಕಿ, ಅದರ ಪಕ್ಕದಲ್ಲಿ ಸುಣ್ಣದಿಂದ ‘ನೆರಳು’ ಎಂದು ಬರೆದಿದ್ದನು. ಕೊಂಬು ಎಡಕ್ಕೆ ತಿರುಗಿತ್ತು. ಅಜ್ಜನು ಅದನ್ನು ಒರೆಸಲಿಕ್ಕೆ ಕೈ ಎತ್ತಿದಾಗ, ಬಿಸಿಲು ಏರಿದ ಮೇಲೆ ನೋಡೋಣವೆಂದು ಹೇಳಿ ನಾನು ಮನೆಗೆ ಬಂದೆನು.